ಹೊಸ ಕಾರು ಪದೇ ಪದೇ ಕೈಕೊಟ್ಟರೆ: ಜಾಬ್ ಕಾರ್ಡ್‌ನಿಂದ ಗ್ರಾಹಕ ಆಯೋಗದವರೆಗೆ

ಕಾರು ಹೊಸದು. ಆದರೂ ಮತ್ತೆ ಮತ್ತೆ ವರ್ಕ್‌ಶಾಪ್ ಸೇರುತ್ತದೆ. ಪ್ರತಿ ಸಲವೂ ‘ಸರಿ ಮಾಡಿದ್ದೇವೆ ಸರ್’ ಅಂತ ಕೀ ಕೊಡುತ್ತಾರೆ. ನಾಲ್ಕು ದಿನ ಕಳೆದರೆ ಅದೇ ಸದ್ದು, ಅದೇ ಕೆಂಪು ದೀಪ. ಬೇಸತ್ತು ಕೇಸು ಹಾಕಲು ಹೊರಟಾಗ ಕೈಯಲ್ಲಿ ನೆಟ್ಟಗೆ ಒಂದು ಕಾಗದವೂ ಇರುವುದಿಲ್ಲ. ಹೀಗೆ ಪರದಾಡುವವರನ್ನು ತುಂಬಾ ನೋಡಿದ್ದೇನೆ. ಅವರ ದೂರು ನಿಜ, ಆದರೆ ತೋರಿಸಲು ಏನೂ ಇರುವುದಿಲ್ಲ.

ಇಷ್ಟು ಸಲ ಕೆಟ್ಟರೆ ಕಂಪನಿ ಕಾರು ವಾಪಸ್ ಪಡೆಯಲೇಬೇಕು ಎಂದು ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಅಮೆರಿಕದ ರಾಜ್ಯಗಳಲ್ಲಿದೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿನ ಷೋರೂಮಿನಲ್ಲಿ ವಾದಕ್ಕಿಳಿದರೆ ಉಪಯೋಗವಿಲ್ಲ. ನಮಗಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷ ಸರಿಪಡಿಸಿ, ಬೇರೆ ಕಾರು ಕೊಡಿ, ಹಣ ಹಿಂದಿರುಗಿಸಿ, ಪರಿಹಾರ ಕೊಡಿ, ಹೀಗೆ ಯಾವುದನ್ನು ಬೇಕಾದರೂ ಆದೇಶಿಸುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ. ಆದರೆ ದೋಷ ಇದೆ ಎಂದು ಸಾಬೀತು ಮಾಡಬೇಕಾದವರು ನೀವು.

ಜಾಬ್ ಕಾರ್ಡ್: ಎಲ್ಲರೂ ಎಡವುವ ಜಾಗ

ನೀವು ಕೌಂಟರಿನಲ್ಲಿ ನಿಂತು, ‘ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕುವಾಗ ಗಾಡಿ ಜರ್ಕ್ ಹೊಡೆಯುತ್ತೆ, ಬೆಳಗ್ಗೆ ತಣ್ಣಗಿದ್ದಾಗ ಜಾಸ್ತಿ’ ಅನ್ನುತ್ತೀರಿ. ಸರ್ವಿಸ್ ಅಡ್ವೈಸರ್ ತಲೆಯಾಡಿಸಿ ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿ ಒಪ್ಪಿಸುವಾಗ ನಿಮ್ಮ ದೂರು ಬರೆದುಕೊಳ್ಳುವ ಕಾಗದದಲ್ಲಿ, ‘ಜನರಲ್ ಚೆಕಪ್’ ಅಂತ ಟೈಪ್ ಮಾಡುತ್ತಾರೆ. ನೀವು ಓದದೆ ಸಹಿ ಹಾಕುತ್ತೀರಿ. ಆಯೋಗದ ಮುಂದೆ ಆ ದಿನ ನಿಮ್ಮ ಕಾರಿಗೆ ಯಾವ ತೊಂದರೆಯೂ ಇರಲಿಲ್ಲ ಅಂತಲೇ ಆಗುತ್ತದೆ.

ಹಾಗಾಗಿ ನಿಮ್ಮ ಮಾತು ನೀವು ಹೇಳಿದ ಹಾಗೆಯೇ ಅದರಲ್ಲಿ ಬರಬೇಕು. ಯಾವಾಗ, ಎಷ್ಟು ವೇಗದಲ್ಲಿ, ಎಂಜಿನ್ ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ ಎಲ್ಲವನ್ನೂ ಬರೆಸಿ. ಎರಡನೇ ಸಲ ಹೋದಾಗ ‘ಇದೇ ದೂರು ಹಿಂದಿನ ಭೇಟಿಯಲ್ಲೂ ಇತ್ತು’ ಎಂಬ ಸಾಲನ್ನೂ ಸೇರಿಸಲು ಹೇಳಿ, ಹಳೆಯ ಜಾಬ್ ಕಾರ್ಡ್ ನಂಬರ್ ಸಮೇತ. ದಿನಾಂಕ, ಓಡೋಮೀಟರ್ ಓದು ಸರಿಯಿದೆಯಾ ನೋಡಿ. ಹೀಗೆ ಬರೆಯಲು ಅವರು ಒಪ್ಪದಿದ್ದರೆ ಕೌಂಟರಿನಿಂದಲೇ ಅವರ ಇಮೇಲ್‌ಗೆ ದೂರು ಕಳಿಸಿ, ಆಮೇಲೆ ಕೀ ಕೊಡಿ.

ಗಾಡಿ ವಾಪಸ್ ತರುವಾಗ ಇನ್ನೊಂದು ಗುಂಡಿಯಿದೆ. ‘ಕೆಲಸ ತೃಪ್ತಿಕರವಾಗಿದೆ’ ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಸಂಜೆ ಮನೆಗೆ ಹೋಗುವ ಅವಸರದಲ್ಲಿ ಎಲ್ಲರೂ ಹಾಕಿಬಿಡುತ್ತಾರೆ. ಮೆಕ್ಯಾನಿಕ್ ಜೊತೆ ಒಂದು ರೌಂಡ್ ಓಡಿಸಿ ನೋಡದೆ ಸಹಿ ಬೇಡ. ತೊಂದರೆ ಉಳಿದಿದ್ದರೆ ಸಹಿಯ ಮೇಲೆ ‘ಸಮಸ್ಯೆ ಹಾಗೇ ಇದೆ’ ಅಂತ ಕೈಯಲ್ಲಿ ಬರೆದು ಫೋಟೊ ತೆಗೆದುಕೊಳ್ಳಿ. ವಾರಂಟಿಯಲ್ಲಿ ದುಡ್ಡಿಲ್ಲದೆ ಮಾಡಿದ ಕೆಲಸಕ್ಕೂ ಇನ್‌ವಾಯ್ಸ್ ಕೇಳಿ. ಯಾವ ಭಾಗ ಬದಲಾಯಿಸಿದರು ಎಂಬುದು ಅಲ್ಲೇ ಇರುತ್ತದೆ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಓಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸಾಧನ, ಅದರ ಬಗ್ಗೆ ಒಂದು ಮಾತು. ಕೋಡ್ ಓದಿ ಸ್ಕ್ರೀನ್‌ಶಾಟ್ ತೆಗೆಯಿರಿ, ಪರವಾಗಿಲ್ಲ. ‘ಕ್ಲಿಯರ್’ ಮಾತ್ರ ಒತ್ತಬೇಡಿ. ದೀಪ ಆರುತ್ತದೆ, ಜೊತೆಗೆ ನಿಮ್ಮ ಸಾಕ್ಷಿಯೂ ಹೋಗುತ್ತದೆ. ಹಾಗೆಯೇ ವೈರ್ ಕತ್ತರಿಸಿ ಕೂರಿಸುವ ಹಾರ್ನ್, ಲೈಟುಗಳನ್ನು ಹಾಕಿಸಲೇಬೇಡಿ. ಆಮೇಲೆ ಎಲ್ಲ ತಪ್ಪೂ ಆ ವೈರಿನದೇ ಆಗುತ್ತದೆ. ನಿಗದಿತ ಸರ್ವಿಸ್ ಒಂದನ್ನೂ ತಪ್ಪಿಸಬೇಡಿ.

ತಜ್ಞರ ವರದಿ

ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಹುದು. ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ಅದಕ್ಕೆ ಅವಕಾಶವಿದೆ. ಇದಕ್ಕೆ ಅರ್ಜಿ ಹಾಕಲು ಮರೆತವರ ‘ತಯಾರಿಕಾ ದೋಷ’ದ ವಾದ ಎಷ್ಟೋ ಸಲ ಬಿದ್ದುಹೋಗುತ್ತದೆ. ಪರಿಚಯದ ಗ್ಯಾರೇಜಿನಲ್ಲಿ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆಸಿಕೊಂಡು ಬರುವುದು ಸುಲಭ, ಆದರೆ ಅದು ಎದುರು ವಕೀಲರ ಮುಂದೆ ನಿಲ್ಲುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಹೊರಗಿನವರ ಕೈಯಲ್ಲಿ ಎಂಜಿನ್ ಬಿಚ್ಚಿಸಬೇಡಿ.

ನೋಟಿಸ್, ದೂರು

ಆಯೋಗಕ್ಕೆ ಹೋಗುವ ಮೊದಲು, ದೋಷವನ್ನೂ ನಿಮ್ಮ ಕೋರಿಕೆಯನ್ನೂ ತಿಳಿಸುವ ನೋಟಿಸನ್ನು ಡೀಲರ್‌ಗೂ ತಯಾರಕ ಕಂಪನಿಗೂ ಕಳಿಸಿ. ಒಬ್ಬರನ್ನು ಬಿಟ್ಟರೆ ತಪ್ಪು ಅವರದೆಂದು ಇನ್ನೊಬ್ಬರು ಕೈತೊಳೆದುಕೊಳ್ಳುತ್ತಾರೆ. ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡೂ ಇರಲಿ. ಫೋನಿನಲ್ಲಿ ಮಾತಾಡಿದ್ದಕ್ಕೆ ಬೆಲೆಯಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು. ಕೆಲವು ಸಲ ಅಲ್ಲೇ ಬಗೆಹರಿಯುತ್ತದೆ, ಆದರೆ ಅವರು ಆದೇಶ ಹೊರಡಿಸುವವರಲ್ಲ.

ಆಗದಿದ್ದರೆ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಾರಿಗೆ ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ. ಕಾರು ಎಲ್ಲೇ ಕೊಂಡಿರಿ, ನೀವು ವಾಸವಿರುವ ಅಥವಾ ಕೆಲಸ ಮಾಡುವ ಊರಲ್ಲೇ ದೂರು ಹಾಕಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರು ಕಡ್ಡಾಯವಲ್ಲ. ಆದರೂ ಕಾರಿನ ಕೇಸಿಗೆ ವಕೀಲರು ಇರಲಿ ಎಂದೇ ನಾನು ಹೇಳುತ್ತೇನೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ‘ಮುಂದಿನ ಸರ್ವಿಸಿನಲ್ಲಿ ನೋಡೋಣ ಸರ್’ ಎಂಬ ಮಾತು ನಂಬಿ ಈ ಗಡುವು ಕಳೆದುಕೊಳ್ಳುವವರೇ ಜಾಸ್ತಿ.

ಕೋರಿಕೆ ಬರೆಯುವಾಗ ‘ಹೊಸ ಕಾರೇ ಬೇಕು’ ಅಂತ ಒಂದೇ ಹಟ ಬೇಡ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಾರಂಟಿಯ ಷರತ್ತನ್ನೇ ಮುಂದಿಟ್ಟು, ಅದು ದೋಷವಿರುವ ಭಾಗ ಬದಲಾಯಿಸುವುದಕ್ಕೆ, ಇಡೀ ಕಾರಿಗಲ್ಲ ಎಂದಿತು. ಆದ್ದರಿಂದ ಬೇರೆ ಕಾರು, ಇಲ್ಲವಾದರೆ ಬಡ್ಡಿಸಮೇತ ಹಣ, ಅದೂ ಆಗದಿದ್ದರೆ ದುಡ್ಡು ಪಡೆಯದೆ ಪೂರ್ತಿ ರಿಪೇರಿ ಮತ್ತು ಪರಿಹಾರ ಎಂದು ಒಂದರ ಕೆಳಗೊಂದು ಕೇಳಿ. ಟ್ಯಾಕ್ಸಿ ಹಿಡಿದ ಬಿಲ್ಲು, ಗಾಡಿ ಎಳೆಸಿದ ರಸೀದಿ ಜೊತೆಗಿರಲಿ. ಕಾರನ್ನು ಸಾವಿರಾರು ಕಿಲೋಮೀಟರ್ ಓಡಿಸಿ ‘ಓಡಿಸಲು ಆಗುವುದೇ ಇಲ್ಲ’ ಅಂತ ಬರೆಯಬೇಡಿ. ಮೀಟರ್ ಓದನ್ನೇ ಅವರು ತಿರುಗಿಸಿ ಹಿಡಿಯುತ್ತಾರೆ.

ಕೇಸು ಹೂಡಿದ ಮೇಲೆ ರಾಜಿಗೆ ಫೋನ್ ಬರುವುದುಂಟು. ಎರಡು ಫ್ರೀ ಸರ್ವಿಸ್, ಒಂದು ವರ್ಷ ಹೆಚ್ಚಿನ ವಾರಂಟಿ ಅನ್ನುತ್ತಾರೆ. ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಆ ಕಾಗದದ ಕೊನೆಯಲ್ಲಿ ‘ಮುಂದೆ ಈ ವಾಹನದ ಬಗ್ಗೆ ಯಾವ ತಕರಾರೂ ಮಾಡುವುದಿಲ್ಲ’ ಎಂಬ ಸಾಲಿದ್ದರೆ ದೋಷ ನಿಜವಾಗಿ ಹೋಗುವ ತನಕ ಸಹಿ ಹಾಕಬೇಡಿ.