ಮರದ ಕಟ್ಟಡ, ಸಹಕಾರಿ ಸಂಘ, ಸಂಶೋಧಕರು: ಮೂವರನ್ನೂ ಒಂದೇ ಮೇಜಿಗೆ ಕೂರಿಸುವುದು ಹೇಗೆ?

ನಾನು ಎಂಜಿನಿಯರ್. ಸಹಕಾರಿ ವಸತಿ ಸಂಘಗಳ ಮರದ ಕಟ್ಟಡಗಳಲ್ಲಿ ಕೆಲಸ ಮಾಡುತ್ತೇನೆ. ಆ ಕಟ್ಟಡಗಳನ್ನು ಅಧ್ಯಯನ ಮಾಡಲು ಸಂಶೋಧಕರೂ ಬರುತ್ತಾರೆ. ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವುದರಲ್ಲಿ.

ಸಂಶೋಧಕರನ್ನು ಕರೆಯುವ ಮೊದಲು ಪ್ರಶ್ನೆ ಬರೆದುಕೊಳ್ಳಿ. ‘ಮರದ ಮನೆಯಲ್ಲಿ ಜನ ಹೇಗೆ ಬದುಕುತ್ತಾರೆ’ ಅಂದರೆ ಸಂಘಕ್ಕೆ ಉಪಯೋಗವಿಲ್ಲ. ‘ಬಚ್ಚಲಿನ ಪೈಪುಗಳನ್ನು ನೆಲದ ಹಲಗೆಯೊಳಗೆ ಮುಚ್ಚಬೇಕಾ, ಕಾಣುವಂತೆ ಬಿಡಬೇಕಾ’ ಅನ್ನುವುದು ಪ್ರಶ್ನೆ. ಪಕ್ಕದಲ್ಲೇ ಅದು ತೀರ್ಮಾನವಾಗುವ ಸಭೆಯ ದಿನಾಂಕ ಹಾಕಿ. ಪೈಪು ಮುಚ್ಚಿದ ಮೇಲೆ ಬರುವ ವರದಿ ಯಾರಿಗೆ ಬೇಕು?

ಪ್ರಶ್ನೆ ಇಲ್ಲದೆ ಅಳೆಯಲು ಹೋದರೆ ಏನಾಗುತ್ತದೆ ಅಂತ ನಾನು ಕಲಿತದ್ದು ಪೆಟ್ಟು ತಿಂದು. ಒಂದು ಕಟ್ಟಡದಲ್ಲಿ ತೇವ ಅಳೆಯುವ ಹನ್ನೆರಡು ಸೆನ್ಸರ್ ಹಾಕಿದೆವು, ಎಲ್ಲವೂ ಗೋಡೆಯ ನಡುವೆ. ವೈರ್ ಎಳೆಯಲು ಅಲ್ಲೇ ಸುಲಭ ಅಲ್ವಾ! ಎರಡು ವರ್ಷ ಪೂರ್ತಿ 11, 12 ಶೇಕಡಾ. ಗ್ರಾಫ್ ನೋಡಿ ಖುಷಿಪಟ್ಟೆವು. ಅಷ್ಟರಲ್ಲಿ ಒಬ್ಬ ಸದಸ್ಯೆ ಸಭೆಯಲ್ಲಿ ಎದ್ದು, ‘ಬಚ್ಚಲ ಹತ್ತಿರ ಮುಗ್ಗಲು ವಾಸನೆ’ ಅಂದರು. ಟೈಲ್ ತೆಗೆಸಿ ಹಲಗೆಯ ಕಡಿದ ತುದಿಗೆ ತೇವದ ಮೀಟರಿನ ಮೊಳೆ ಚುಚ್ಚಿದೆ. 26! ಪ್ಲಂಬರ್ ತಣ್ಣಗೆ ಹೇಳಿದರು: ‘ಆ ಮೂಲೇಲಿ ಸೋರುತ್ತೆ ಅಂತ ನನ್ನನ್ನು ಕೇಳಿದ್ರೆ ಹೇಳ್ತಿದ್ದೆ ಸಾರ್.’

ಮರದ ಕಡಿದ ತುದಿ ನೀರನ್ನು ಬೇಗ ಹೀರುತ್ತದೆ. ತೇವ 20 ಶೇಕಡಾ ದಾಟಿ ವಾರಗಟ್ಟಲೆ ಹಾಗೇ ನಿಂತರೆ ಶಿಲೀಂಧ್ರದ ಚಿಂತೆ ಶುರು. ಒಂದು ದಿನ ಮೀಟರ್ ಏರಿದರೆ ಹೆದರಬೇಡಿ, ಮತ್ತೆ ಅಳೆಯಿರಿ. ಅಳೆಯುವಾಗ ಮರದ ಜಾತಿ, ಆ ಹೊತ್ತಿನ ಬಿಸಿ ಎರಡನ್ನೂ ಬರೆದಿಡಿ. ಇವು ಬದಲಾದರೆ ಮೀಟರಿನ ಅಂಕಿಯೂ ಬದಲಾಗುತ್ತದೆ. ಪದರ ಅಂಟಿಸಿದ ಹಲಗೆಯಾದರೆ ಗೋಂದಿನ ಗೆರೆಗೆ ಮೊಳೆ ತಾಗದಿರಲಿ. ಸೆನ್ಸರ್ ಎಲ್ಲಿಡಬೇಕು ಅಂತ ಈಗ ನಾನು ಮೂವರನ್ನು ಕೇಳುತ್ತೇನೆ: ಬಡಗಿ, ಪ್ಲಂಬರ್, ನೆಲ ಒರೆಸುವವರು.

ಬೆಂಕಿಯ ಭಯಕ್ಕೆ ಮಾತು ಸಾಲದು. ಸುಟ್ಟ ದಪ್ಪ ತೊಲೆಯ ತುಂಡೊಂದನ್ನು ಅಡ್ಡ ಕೊಯ್ದು ಸಭೆಗೆ ಒಯ್ಯುತ್ತೇನೆ. ಹೊರಗೆ ಕರಿ ಇದ್ದಿಲು, ಒಳಗೆ ಹೊಸ ಮರದ ಬಣ್ಣ. ಪೈನ್‌ನಂಥ ಮೆದುಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಆಳ ಸುಡುತ್ತದೆ, ಗಂಟೆಗೆ ಸುಮಾರು 39. ಅಷ್ಟು ಹೋದ ಮೇಲೂ ಭಾರ ಹೊರುವಷ್ಟು ಉಳಿಯಬೇಕು, ಅದೇ ನನ್ನ ಲೆಕ್ಕ. ಬೆರಳಲ್ಲಿ ಇದ್ದಿಲು ಕೆರೆದು ನೋಡಿದವರಿಗೆ ಪ್ರಬಂಧ ಓದಿ ಹೇಳಬೇಕಾಗಿಲ್ಲ.

ಜನರನ್ನು ಮೊದಲಿಂದಲೇ ಕೂರಿಸಿಕೊಂಡದ್ದಕ್ಕೆ ಬಾರ್ಸಿಲೋನಾದ ಲಾ ಬೋರ್ಡಾ ಒಳ್ಳೆ ಉದಾಹರಣೆ. 2018ರಲ್ಲಿ ಮುಗಿದ 28 ಮನೆಗಳ ಮರದ ಕಟ್ಟಡ. ಅಲ್ಲಿ ಇರಬೇಕಾದವರೇ ಲಾಕೋಲ್ ಎಂಬ ವಾಸ್ತುಶಿಲ್ಪಿಗಳ ಸಹಕಾರಿಯ ಜೊತೆ ಕೂತು ವಿನ್ಯಾಸ ಮಾಡಿದರು. ನೆಲದಡಿ ಪಾರ್ಕಿಂಗ್ ಬೇಡ ಅಂತ ಬಿಟ್ಟರು. ಯಾವುದು ಬೇಡ ಅನ್ನುವುದನ್ನು ಇರುವವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಸಂಶೋಧಕರ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಒಂದು ವಿಷಯ ಮರೆಯಬೇಡಿ. ಬಚ್ಚಲಿನ ತೇವದ ದಾಖಲೆ ನೋಡಿದರೆ ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಾರೆ ಅಂತ ತಿಳಿಯುತ್ತದೆ. ಅಂಕಿ ಯಾರ ಕೈಗೆ, ಎಷ್ಟು ದಿನ, ಮನೆ ನಂಬರ್ ತೆಗೆದ ಮೇಲೋ ಮೊದಲೋ, ಎಲ್ಲ ಬರೆಸಿಕೊಳ್ಳಿ.

ಸೆನ್ಸರಿನ ಮುಚ್ಚಳ ಸ್ಕ್ರೂ ಬಿಚ್ಚಿ ತೆಗೆಯುವಂತಿರಲಿ. ಅದರ ಜಾಗವನ್ನು ಕಟ್ಟಡದ ಕೊನೆಯ ನಕ್ಷೆಯಲ್ಲಿ ಗುರುತು ಮಾಡಿಸಿ. ಇಲ್ಲದಿದ್ದರೆ ಮುಂದಿನ ಟೈಲ್ ಕೆಲಸದವರು ಪಾಪ, ಗೊತ್ತಿಲ್ಲದೆ ಅದರ ಮೇಲೇ ಟೈಲ್ ಹಾಕಿಬಿಡುತ್ತಾರೆ.