ಹಳೆ ಕಂಪ್ಯೂಟರುಗಳ ಕೂಟಕ್ಕೆ ಬೀಗ ಹಾಕುವಾಗ: ಮೊದಲು ಬ್ಯಾಟರಿ, ಆಮೇಲೆ ಫ್ಲಾಪಿ, ಕೊನೆಗೆ ಪೆಟ್ಟಿಗೆ

ಹಳೆ ಕಂಪ್ಯೂಟರುಗಳನ್ನು ಕೂಡಿಹಾಕಿ, ರಿಪೇರಿ ಮಾಡಿ, ಓಡಿಸಿಕೊಂಡು ಬಂದ ನಮ್ಮ ಕೂಟವನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಕೋಣೆಯ ಬೀಗದ ಕೈ ವಾಪಸು ಕೊಡುವ ಹೊತ್ತಿಗೆ ಏನು ಉಳಿದಿರಬೇಕು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡೆವು. ಯಂತ್ರ ಉಳಿಯಬೇಕು ಅನ್ನಿಸುವುದು ಸಹಜ. ಆದರೆ ಬಿಬಿಸಿ ಮೈಕ್ರೊ, ಪಿಸಿ ಎಕ್ಸ್‌ಟಿ, 286, 386 ಎಂಬ ಹಳೆ ಮಾದರಿಗಳೆಲ್ಲ ಜಗತ್ತಿನ ಬೇರೆ ಬೇರೆ ಕಡೆ ಇನ್ನೂ ಇವೆ, ಅವುಗಳ ಆಟಗಳ, ಆಪರೇಟಿಂಗ್ ಸಿಸ್ಟಮ್ಮುಗಳ ಪ್ರತಿಯೂ ಸಿಗುತ್ತದೆ. ಇನ್ನೆಲ್ಲೂ ಸಿಗದಿರುವುದು ಆ ಯಂತ್ರಗಳ ಜೊತೆ ಬಂದ ಫ್ಲಾಪಿಗಳು, ಅಂದರೆ ಆಗ ಕಡತ ಬರೆದಿಡುತ್ತಿದ್ದ, ಕವಚದೊಳಗಿನ ತೆಳು ಕಾಂತದ ತಟ್ಟೆಗಳು. ಶಾಲೆಯ ಮೇಷ್ಟ್ರು ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ಊರಿನ ಪ್ರೆಸ್ಸಿನವರು ಜೋಡಿಸಿಟ್ಟ ಕರಡು, ಯಾರೋ ಟೈಪ್‌ರೈಟರ್ ಬಿಟ್ಟು ಕಂಪ್ಯೂಟರಿನಲ್ಲಿ ಮೊದಲ ಸಲ ಬರೆದ ಕನ್ನಡ, ಇವುಗಳಿಗೆ ಇರುವುದು ಒಂದೇ ಪ್ರತಿ. ಕೆಲಸದ ಸರದಿಯನ್ನು ನಿರ್ಧರಿಸಿದ್ದು ಈ ಮಾತೇ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೆರೆ ಹಾಕಿದೆವು: ವಸ್ತು, ಯಾರದು, ಕೊಟ್ಟದ್ದೋ ಎರವಲೋ, ಎಲ್ಲಿಗೆ ಹೋಗಬೇಕು. “ಸದ್ಯಕ್ಕೆ ನಿಮ್ಮ ಹತ್ರನೇ ಇರ್ಲಿ ಸಾರ್” ಎಂದು ಬಿಟ್ಟುಹೋದದ್ದೆಲ್ಲ ಎರವಲು ಎಂದೇ ಬರೆದುಕೊಳ್ಳಬೇಕು, ಫೋನ್ ಮಾಡಿ ಕೇಳಿದ ಮೇಲೆ ಬೇಕಿದ್ದರೆ ತಿದ್ದಬಹುದು. ಯಂತ್ರಕ್ಕೊಂದು ನಂಬರ್ ಚೀಟಿ ಅಂಟಿಸಿ ಅದೇ ನಂಬರನ್ನು ಅದರ ಕೀಬೋರ್ಡು, ಕೇಬಲ್ಲು, ಫ್ಲಾಪಿ ಡಬ್ಬಿಗೂ ಹಾಕಿದೆವು. ಯಾವ ಫ್ಲಾಪಿ ಯಾವ ಯಂತ್ರದ್ದು ಎಂಬುದು ಒಮ್ಮೆ ಕಲಸಿಹೋದರೆ ಅದನ್ನು ಬರೆದ ಸಾಫ್ಟ್‌ವೇರ್ ಯಾವುದೆಂದು ಹುಡುಕುವುದರಲ್ಲೇ ವಾರಗಳು ಕಳೆಯುತ್ತವೆ.

ಮೊದಲು ಬ್ಯಾಟರಿ. 286, 386 ಬೋರ್ಡುಗಳಲ್ಲಿ ನೀಲಿ ಅಥವಾ ಹಸಿರು ಹೊದಿಕೆಯ, ಪುಟ್ಟ ಪೀಪಾಯಿಯಂಥ 3.6 ವೋಲ್ಟಿನ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ತಾಮ್ರದ ಗೆರೆಗಳನ್ನು ತಿನ್ನುತ್ತಾ ಹಸಿರು ಬಣ್ಣದ ಪದರದ ಅಡಿಯಲ್ಲೇ ಅದು ತೆವಳಿಕೊಂಡು ಹೋಗುತ್ತದೆ, ಮೇಲಿಂದ ನೋಡಿದರೆ ಗೆರೆ ಕಪ್ಪಗಾದಂತೆ ಮಾತ್ರ ಕಾಣುತ್ತದೆ. ಬಹಳಷ್ಟು ಬೋರ್ಡುಗಳಲ್ಲಿ ಈ ಬ್ಯಾಟರಿ ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲೇ ಇರುವುದರಿಂದ ಮೊದಲು ಸಾಯುವುದು ಕೀಬೋರ್ಡು. ಕೀಬೋರ್ಡ್ ಬದಲಿಸಿ ನೋಡಿದರೂ ಯಂತ್ರ ಏಳದಿದ್ದರೆ ಇಲ್ಲೇ ನೋಡಬೇಕು.

ಬ್ಯಾಟರಿ ಕತ್ತರಿಸುವ ಮೊದಲು ಇನ್ನೊಂದು ಕೆಲಸವಿದೆ. ಯಂತ್ರ ಏಳುವ ಸ್ಥಿತಿಯಲ್ಲಿದ್ದರೆ ಸೆಟಪ್ಪಿನೊಳಗೆ ಹೋಗಿ ಹಾರ್ಡ್ ಡಿಸ್ಕಿನ ಟೈಪ್ ನಂಬರ್, ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಬರೆದುಕೊಂಡು, ಚೀಟಿಯನ್ನು ಡಿಸ್ಕಿನ ಮೇಲೇ ಅಂಟಿಸಿ. ಬ್ಯಾಟರಿ ಹೋದ ಕ್ಷಣ ಆ ಲೆಕ್ಕವೂ ಹೋಗುತ್ತದೆ. ತಪ್ಪು ಲೆಕ್ಕ ಕೊಟ್ಟರೆ ಚೆನ್ನಾಗಿರುವ ಡಿಸ್ಕೂ ಖಾಲಿಯಂತೆ ಕಾಣುತ್ತದೆ, ಯಾರಾದರೂ ಅದನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ.

ಕಟ್ಟರಿನಿಂದ ಎರಡೂ ಕಾಲು ಕತ್ತರಿಸಿ ಬ್ಯಾಟರಿ ತೆಗೆದ ಮೇಲೆ, ಕಲೆಯಾದ ಜಾಗಕ್ಕೆ ಅಡುಗೆಮನೆಯ ಬಿಳಿ ವಿನೆಗರನ್ನು ಹತ್ತಿಕಡ್ಡಿಯಿಂದ ಹಚ್ಚಿ ಐದು ನಿಮಿಷ ಬಿಟ್ಟೆವು. ನೊರೆ ಬಂದರೆ ಕ್ಷಾರ ಇನ್ನೂ ಇದೆ ಎಂದರ್ಥ, ನೊರೆ ನಿಲ್ಲುವವರೆಗೆ ಮತ್ತೆ ಹಚ್ಚಬೇಕು. ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲು. ನೀರಿನಲ್ಲಿ ತೊಳೆಯದೆ ವಿನೆಗರಿಗೇ ನಿಲ್ಲಿಸಿದರೆ ಉಳಿದ ಆಮ್ಲ ತನ್ನ ಪಾಲಿಗೆ ತಾಮ್ರ ತಿನ್ನುತ್ತದೆ. ಒಣಗಿದ ಮೇಲೆ ಮಲ್ಟಿಮೀಟರಿನ ಬೀಪ್ ಇಟ್ಟು ಒಂದೊಂದೇ ಗೆರೆ ನೋಡಿ, ತುಂಡಾದಲ್ಲಿ ತೆಳು ವೈರ್ ಬೆಸೆದೆವು. ಹಳೆ ಮ್ಯಾಕಿಂಟಾಷ್‌ಗಳ ಅರ್ಧ ಪೆನ್ ಸೆಲ್ ಗಾತ್ರದ ಲಿಥಿಯಂ ಬ್ಯಾಟರಿಯದ್ದು ಇದಕ್ಕಿಂತ ಕಷ್ಟ, ಒಡೆದರೆ ಸುತ್ತಲಿನ ಬೋರ್ಡನ್ನೇ ಹಾಳುಗೆಡವುತ್ತದೆ. ಕೊಡುವ ಯಂತ್ರ ಯಾವುದೇ ಇರಲಿ, ಬ್ಯಾಟರಿ ಒಳಗಿಟ್ಟು ಕೊಡಬಾರದು.

ಇನ್ನು ಪವರ್ ಸಪ್ಲೈ. ವರ್ಷಗಟ್ಟಲೆ ನಿಂತ ಯಂತ್ರಕ್ಕೆ ನೇರ ಕರೆಂಟ್ ಕೊಡಬೇಡಿ. 230 ವೋಲ್ಟು ಬರುವ ಕಡೆ ಹಳದಿ ಮಿಶ್ರಿತ ಕಂದು ಹೊದಿಕೆಯ, ಒಳಗಿನದು ಮಸುಕಾಗಿ ಕಾಣುವ ಚೌಕಾಕಾರದ ಕಾಗದದ ಕೆಪಾಸಿಟರ್ ಇರುತ್ತದೆ. ಹೊದಿಕೆ ಕೂದಲೆಳೆಯಷ್ಟು ಸೀಳಿ ಒಳಗೆ ಥಂಡಿ ಸೇರಿರುತ್ತದೆ. ಸ್ವಿಚ್ ಹಾಕಿದ ಕೆಲವು ನಿಮಿಷಕ್ಕೆ ಢಂ ಎಂದು ಕೋಣೆ ತುಂಬ ಹೊಗೆ. ಬಿಬಿಸಿ ಮೈಕ್ರೊದಲ್ಲಿ 0.1 ಮೈಕ್ರೊಫ್ಯಾರಡ್‌ನದು ಇರುತ್ತದೆ. ಅದರ ಜಾಗಕ್ಕೆ ಅದೇ ಅಳತೆಯ, 275 ವೋಲ್ಟಿನ ‘ಎಕ್ಸ್2’ ಗುರುತಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಬೇಕು. ಎಕ್ಸ್2 ಅಲ್ಲದ ಸಾಮಾನ್ಯ ಕೆಪಾಸಿಟರ್ ಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವು ಸಿಗುತ್ತವೆ. ಸಪ್ಲೈ ಬಿಚ್ಚುವಾಗ ನೆನಪಿರಲಿ: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟಿನವರೆಗೆ ಉಳಿದಿರಬಹುದು. ಮೀಟರ್ ಇಟ್ಟು ಸೊನ್ನೆಗೆ ಬಂದದ್ದನ್ನು ನೋಡಿಯೇ ಕೈ ಹಾಕಿ. ಎಕ್ಸ್‌ಟಿ ಬೋರ್ಡುಗಳಲ್ಲಿ 12 ವೋಲ್ಟಿನ ಸಾಲಿಗೂ ಗ್ರೌಂಡಿಗೂ ನಡುವೆ ಓಮ್ ನೋಡಬೇಕು. ಸೊನ್ನೆಯ ಹತ್ತಿರ ಬಂದರೆ ಮಣಿಯಂಥ ಟ್ಯಾಂಟಲಮ್ ಕೆಪಾಸಿಟರ್ ಒಂದು ಶಾರ್ಟ್ ಆಗಿರುವ ಸಂಭವವೇ ಹೆಚ್ಚು.

ಹೆಚ್ಚು ಸಮಯ ತಿಂದದ್ದು, ತಿನ್ನಬೇಕಾದದ್ದು, ಫ್ಲಾಪಿ. ನಮ್ಮ ಮಳೆಗಾಲ, ಅದರಲ್ಲೂ ಕರಾವಳಿ ಮಲೆನಾಡಿನ ಮಳೆಗಾಲ ಕಂಡ ಫ್ಲಾಪಿಯಲ್ಲಿ ಬೂಷ್ಟು ಇದ್ದೇ ಇರುತ್ತದೆ ಎಂದುಕೊಂಡೇ ಹೊರಡಬೇಕು. ಐದೂಕಾಲು ಇಂಚಿನದಾದರೆ ನಡುವಿನ ತೂತಿಗೆ ಬೆರಳು ಕೊಟ್ಟು ನಿಧಾನ ತಿರುಗಿಸಿ, ಉದ್ದನೆಯ ಕಿಂಡಿಯನ್ನು ಟಾರ್ಚಿನ ಓರೆ ಬೆಳಕಿನಲ್ಲಿ ನೋಡಿದೆವು. ಬಿಳಿ ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಡ್ರೈವಿಗೆ ಹಾಕುವ ಹಾಗಿಲ್ಲ. ಡ್ರೈವಿನಲ್ಲಿ ಓದುವ ತುದಿಯಾದ ಹೆಡ್ಡು ಆ ಬೂಷ್ಟನ್ನು ಉಜ್ಜಿ ಕಾಂತದ ಪದರವನ್ನೇ ಕೆರೆದು ತೆಗೆಯುತ್ತದೆ, ಹೆಡ್ಡಿಗೆ ಅಂಟಿದ ಕೊಳೆ ಮುಂದಿನ ಫ್ಲಾಪಿಯನ್ನೂ ಕೆರೆಯುತ್ತದೆ.

ಬೂಷ್ಟು ಹಿಡಿದದ್ದಕ್ಕೆ ಕವಚದ ಮೇಲಂಚನ್ನು ಬ್ಲೇಡಿನಿಂದ ಒಂದೆರಡು ಮಿಲಿಮೀಟರ್ ಸೀಳಿ ಒಳಗಿನ ತಟ್ಟೆಯನ್ನು ಹೊರತೆಗೆದೆವು. ತೆಗೆಯುವ ಮೊದಲೇ ನಡುವಿನ ಉಂಗುರದ ಬಳಿ, ಲೇಬಲ್ ಇರುವ ಬದಿಗೆ, ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಡಬೇಕು. ಬದಿ ತಿರುಗಿಬಿದ್ದರೆ ತಟ್ಟೆ ತಲೆಕೆಳಗಾಗಿ ಸುತ್ತಿ ಏನೂ ಓದಲಾಗುವುದಿಲ್ಲ. ಬೋಗುಣಿಯಲ್ಲಿ ಡಿಸ್ಟಿಲ್ಡ್ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಬೆರಳ ತುದಿಯಿಂದ ವೃತ್ತದ ಗುಂಟ ಸವರಿ, ಶುದ್ಧ ನೀರಿನಲ್ಲಿ ಜಾಲಿಸಿ, ಎಳೆ ಬಿಡದ ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿದೆವು. ಹಳೆ ಕವಚಕ್ಕೆ ಮತ್ತೆ ಹಾಕಲಿಲ್ಲ, ಅದರ ಒಳಬಟ್ಟೆಯಲ್ಲೂ ಬೂಷ್ಟು ಇರುತ್ತದೆ. ಬೇಡವಾದ ಒಳ್ಳೆಯ ಫ್ಲಾಪಿಯೊಂದರ ಕವಚವೇ ಇವೆಲ್ಲಕ್ಕೂ ಆಯಿತು.

ಓದಿಸುವಾಗ ಡ್ರೈವು ಫ್ಲಾಪಿಯ ಮೇಲೆ ಏನೂ ಬರೆಯದಂತೆ ತಡೆಯುವ ವಿಷಯದಲ್ಲಿ ಎರಡು ಜಾತಿಯ ಫ್ಲಾಪಿಗೂ ರೂಢಿ ತಿರುಗುಮುರುಗು. ಐದೂಕಾಲು ಇಂಚಿನದರಲ್ಲಿ ಪಕ್ಕದ ಕಚ್ಚನ್ನು ಟೇಪಿನಿಂದ ಮುಚ್ಚಿದರೆ ರಕ್ಷಣೆ, ಮೂರೂವರೆ ಇಂಚಿನದರಲ್ಲಿ ಮೂಲೆಯ ಕಿಂಡಿ ತೆರೆದಿದ್ದರೆ ರಕ್ಷಣೆ.

ಓದಲು ಬಳಸಿದ್ದು ಗ್ರೀಸ್‌ವೀಸಲ್ ಎಂಬ ಯುಎಸ್‌ಬಿ ಬೋರ್ಡು, ಐದೂಕಾಲು ಇಂಚಿನ ಹಳೆಯ 1.2 ಎಂಬಿ ಡ್ರೈವು ಒಂದು, ಮೂರೂವರೆ ಇಂಚಿನ 1.44 ಎಂಬಿಯದು ಒಂದು, 34 ಪಿನ್ನಿನ ಪಟ್ಟಿ ಕೇಬಲ್ಲು, 5 ಮತ್ತು 12 ವೋಲ್ಟ್ ಎರಡೂ ಕೊಡುವ ಸಪ್ಲೈ. ಯುಎಸ್‌ಬಿ ಫ್ಲಾಪಿ ಡ್ರೈವು ಸಾಲದು, ಅದು ಓದುವುದು ಮೂರೂವರೆ ಇಂಚಿನ ಪಿಸಿ ಫ್ಲಾಪಿಯನ್ನು ಮಾತ್ರ. ಗ್ರೀಸ್‌ವೀಸಲ್ ಸೆಕ್ಟರನ್ನಲ್ಲ, ಕಾಂತದ ಏರಿಳಿತವನ್ನೇ ಹಿಡಿದಿಡುತ್ತದೆ. ತಟ್ಟೆಯ ಮೇಲಿನ ಒಂದೊಂದು ವೃತ್ತವೂ ಒಂದು ಟ್ರ್ಯಾಕು, ಅದರ ತುಂಡುಗಳೇ ಸೆಕ್ಟರ್. ಪ್ರತಿ ಟ್ರ್ಯಾಕನ್ನು ಮೂರು ಸುತ್ತು ಓದಿಸಿದೆವು, 80 ಟ್ರ್ಯಾಕಿನ ಎರಡೂ ಬದಿಗೆ ಎರಡು ನಿಮಿಷದ ಆಸುಪಾಸು. ಫೈಲು ದೊಡ್ಡದಾಗುತ್ತದೆ, ಆಗಲಿ. ಇವತ್ತು ಓದಲಾಗದ ಸೆಕ್ಟರನ್ನು ಮುಂದೆ ಒಳ್ಳೆಯ ಸಾಫ್ಟ್‌ವೇರಿನಿಂದ ಬಿಡಿಸುವಾಗ ಫ್ಲಾಪಿಯನ್ನು ಮತ್ತೆ ಸುತ್ತಿಸಬೇಕಾಗಿಲ್ಲ. ಕೆಲವು ಫ್ಲಾಪಿಗಳಿಗೆ ಸುತ್ತುವ ಆಯುಷ್ಯ ಉಳಿದಿರುವುದೇ ಒಂದು ಸಲ. ಹತ್ತು ಫ್ಲಾಪಿಗೊಮ್ಮೆ ಹೆಡ್ ಒರೆಸಿ. ಕಿರ್ರೆಂದು ಕೆರೆದ ಸದ್ದು ಬಂದರೆ ಆ ಕ್ಷಣವೇ ನಿಲ್ಲಿಸಿ.

ಬಿಬಿಸಿ ಮೈಕ್ರೊದ ಫ್ಲಾಪಿಗಳದ್ದು ಬೇರೆಯೇ ಲೆಕ್ಕ. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಿಂದ ಈ ಯಂತ್ರ ನಮ್ಮ ದೇಶದ ಶಾಲೆಗಳಿಗೆ ಬಂತು, ಚಂಡೀಗಢದ ಬಳಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇದನ್ನೇ ‘ಯುನಿಕಾರ್ನ್’ ಎಂಬ ಹೆಸರಿನಲ್ಲಿ ಜೋಡಿಸಿ ಕೊಟ್ಟರು. ಅದರ ಫ್ಲಾಪಿಯಲ್ಲಿ ಟ್ರ್ಯಾಕಿಗೆ 256 ಬೈಟಿನ 10 ಸೆಕ್ಟರ್, ಒಂದು ಬದಿಯ 40 ಟ್ರ್ಯಾಕಿಗೆ 100 ಕೆಬಿ, 80 ಟ್ರ್ಯಾಕಿಗೆ 200 ಕೆಬಿ. ಬರೆದಿರುವುದು ಎಫ್‌ಎಂ ಎಂಬ, ಕಡಿಮೆ ಸಾಂದ್ರತೆಯ ಹಳೆಯ ವಿಧಾನದಲ್ಲಿ. ಎಷ್ಟೋ ಪಿಸಿ ಕಂಟ್ರೋಲರುಗಳಿಗೆ ಇದು ಕಾಣುವುದೇ ಇಲ್ಲ, ಫ್ಲಾಪಿ ಫಾರ್ಮ್ಯಾಟ್ ಆಗಿಲ್ಲ ಎಂದುಬಿಡುತ್ತವೆ. ಆ ಮಾತು ನಂಬಿ ಫಾರ್ಮ್ಯಾಟ್ ಒತ್ತಿದರೆ ಶಾಲೆಯ ಕೆಲಸವೆಲ್ಲ ಅಲ್ಲಿಗೆ ಮುಗಿಯಿತು. 40 ಟ್ರ್ಯಾಕಿನದನ್ನು 80 ಟ್ರ್ಯಾಕಿನ ಡ್ರೈವಿನಲ್ಲಿ ಓದುವಾಗ ಎರಡೆರಡು ಹೆಜ್ಜೆ ಹಾಕಿಸಬೇಕು, ಇಲ್ಲವಾದರೆ ಒಂದೊಂದು ಟ್ರ್ಯಾಕೂ ಎರಡು ಸಲ ಬರುತ್ತದೆ.

ಹಾರ್ಡ್ ಡಿಸ್ಕುಗಳಲ್ಲಿ ಎಕ್ಸ್‌ಟಿ ಕಾಲದ, ಎಂಎಫ್‌ಎಂ ಎಂಬ ವಿಧಾನದಲ್ಲಿ ಬರೆಯುವ ಡ್ರೈವನ್ನು ಅದರ ಕಂಟ್ರೋಲರ್ ಕಾರ್ಡಿನಿಂದ ಬೇರ್ಪಡಿಸಬಾರದು, ಒಂದು ಕಾರ್ಡು ಫಾರ್ಮ್ಯಾಟ್ ಮಾಡಿದ್ದನ್ನು ಇನ್ನೊಂದು ಓದದೇ ಇರಬಹುದು. ಆಮೇಲಿನ ಕಾಲದ ಐಡಿಇ ಜೋಡಣೆಯ ಡಿಸ್ಕಿಗೆ ನಿಜವಾದ ಐಡಿಇ ಪೋರ್ಟಿರುವ ಪಿಸಿ ಹುಡುಕಿ, ಹಾಳಾಗುತ್ತಿರುವ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಓಡಿಸಿದೆವು, ಯುಎಸ್‌ಬಿ ಅಡಾಪ್ಟರುಗಳು ತೀರ ಹಳೆಯ ಡಿಸ್ಕನ್ನು ಗುರುತಿಸುವುದಿಲ್ಲ. ಯಂತ್ರದ ಪ್ರೋಗ್ರಾಂ ಇಟ್ಟಿರುವ, ಕಿಂಡಿಯಿಂದ ಅತಿನೇರಳೆ ಬೆಳಕು ಬಿದ್ದರೆ ಅಳಿಯುವ, ಗಾಜಿನ ಕಿಂಡಿಯ ಈಪ್ರಾಮ್ ಚಿಪ್ಪುಗಳ ಲೇಬಲ್ ಉದುರಿದ್ದರೆ ಮೊದಲು ಕಿಂಡಿ ಮುಚ್ಚಿ, ಆಮೇಲೆ ಮೂರು ಸಲ ಓದಿ ಮೂರೂ ಒಂದೇ ಎಂದು ನೋಡಿಕೊಂಡು ಉಳಿಸಿದೆವು.

ಇಷ್ಟಾದರೂ ಕೈಯಲ್ಲಿರುವುದು ಬೈಟು, ಕನ್ನಡ ಅಲ್ಲ. ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯುನಿಕೋಡಿಗೆ ಮುಂಚಿನ ಕನ್ನಡ ಕಡತ ಸಿಕ್ಕರೆ ಮೊದಲು, ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ. ಭಾರತದ ಲಿಪಿಗಳಿಗೆಂದು ಪಿಸಿಗೆ ಹಾಕುತ್ತಿದ್ದ ಜಿಸ್ಟ್ ಕಾರ್ಡಿನಲ್ಲಿ ಬರೆದದ್ದಾದರೆ ಇಸ್ಕಿ ಎಂಬ ಸಂಕೇತ. ಅದರಲ್ಲಿ ‘ಕನ್ನಡ’ ಎಂಬುದು ಬಿ3 ಸಿ6 ಇ8 ಸಿ6 ಬಿಎಫ್: ಕ, ನ, ಹಲಂತ, ನ, ಡ, ಉಚ್ಚಾರದ ಸರದಿಯಲ್ಲೇ. ಇಸ್ಕಿಯಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಸಂಖ್ಯೆ, ಯಾವ ಲಿಪಿ ಎಂದು ಹೇಳುವುದು ಮುಂದಿರುವ ಇಎಫ್ ಬೈಟು, ಕನ್ನಡಕ್ಕೆ ಇಎಫ್ 48. ಅದು ಕಡತದಲ್ಲಿ ಇಲ್ಲದೇ ಹೋದರೆ ಪರಿವರ್ತಕ ಎಲ್ಲವನ್ನೂ ದೇವನಾಗರಿಯಲ್ಲಿ ತೋರಿಸಬಹುದು, ಗಾಬರಿ ಬೇಡ, ಓದಿ ನೋಡಿದರೆ ಭಾಷೆ ಕನ್ನಡವೇ. ವಿಂಡೋಸಿನಲ್ಲಿ ಕನ್ನಡ ಇಸ್ಕಿಗೆ 57008 ಎಂಬ ಕೋಡ್‌ಪೇಜ್ ಇದೆ, ಅದನ್ನು ಹೇಳಿ ತೆರೆದರೆ ಸಾಕು.

‘ನುಡಿ’, ‘ಬರಹ’ ಎಂಬ ಕನ್ನಡ ಸಾಫ್ಟ್‌ವೇರುಗಳ ಕಾಲದ ಕಡತಗಳಲ್ಲಿ ಇರುವುದು ಅಕ್ಷರವಲ್ಲ, ಫಾಂಟಿನ ಆಕಾರದ ತುಣುಕು. ಅಲ್ಲಿ ‘ಕ’ದ ಮೈ ಇಂಗ್ಲಿಷಿನ ದೊಡ್ಡ ಪಿ, ‘ನ’ದ ಮೈ ಪೌಂಡ್ ಹಣದ ಗುರುತು. ತಲೆಕಟ್ಟಿಗೆ ಬೇರೆ ತುಣುಕು. ಪರಿವರ್ತಿಸುವಾಗ ಕೆಡುವುದು ಎರಡು ಕಡೆ. ಒಂದು, ಅರ್ಕಾವತ್ತು. ಕಾಗದದ ಮೇಲೆ ಅದು ಅಕ್ಷರದ ಬಲಕ್ಕೆ ಕೂರುವುದರಿಂದ ‘ಕರ್ನಾಟಕ’ ಎಂದು ಬರೆದ ಕಡತದಲ್ಲೂ ‘ನಾ’ ಆದಮೇಲೆ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ತಿರುಗಿಸದೆ ಹಾಗೇ ಬಿಟ್ಟರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಪರಿವರ್ತನೆ ಮುಗಿದ ಕೂಡಲೇ ನಾವು ಹುಡುಕುತ್ತಿದ್ದ ಮೊದಲ ಪದ ಇದೇ. ಎರಡು, ಕನ್ನಡದ ನಡುವೆ ಬಂದ ಇಂಗ್ಲಿಷ್. ಬರೀ ಪಠ್ಯವನ್ನು ನಕಲಿಸಿದರೆ ಫಾಂಟಿನ ಗುರುತು ಬಿದ್ದುಹೋಗಿ ಇಂಗ್ಲಿಷ್ ಪದಗಳೂ ಕನ್ನಡದ ತುಣುಕುಗಳಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ಕಡತವನ್ನು ಫಾಂಟಿನ ಗುರುತೂ ಉಳಿಯುವ ಆರ್‌ಟಿಎಫ್ ರೂಪಕ್ಕೆ ಮಾಡಿಕೊಂಡು, ಯಾವ ತುಂಡಿಗೆ ಕನ್ನಡ ಫಾಂಟು ಇದೆಯೋ ಅಷ್ಟನ್ನೇ ಪರಿವರ್ತಿಸಬೇಕು. ಮೂಲ ಕಡತವನ್ನು ಎಂದೂ ಅಳಿಸಬೇಡಿ.

ಫ್ಲಾಪಿಯಲ್ಲಿ ಜನರ ಕಾಗದ ಪತ್ರಗಳೂ ಇರುತ್ತವೆ. ಆದ್ದರಿಂದ ಪ್ರತಿ ಮೊದಲು ಹೋದದ್ದು ಫ್ಲಾಪಿಯ ಯಜಮಾನರಿಗೆ ಅಥವಾ ಅವರ ಮನೆಯವರಿಗೆ. ಅವರು ಒಪ್ಪಿದ್ದನ್ನು ಮಾತ್ರ ಹೊರಗೆ ಕೊಟ್ಟೆವು. ಮುಂದೆ ಕಡತ ಚೂರು ಬದಲಾದರೂ ಗೊತ್ತಾಗಲೆಂದು ಎಲ್ಲ ಕಡತಕ್ಕೂ ಎಸ್‌ಎಚ್‌ಎ–256 ಎಂಬ ತಾಳೆ ಮೊತ್ತ ತೆಗೆದು, ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಬೇರೆ ಬೇರೆ ಊರಿನ ಎರಡು ಮನೆಗಳಲ್ಲಿ ಇಟ್ಟಿದ್ದೇವೆ.

ಪೆಟ್ಟಿಗೆ ಕಟ್ಟುವುದು ಕೊನೆಗೆ. ಪಿವಿಸಿ ಕೇಬಲ್ಲು ಯಂತ್ರದ ಪ್ಲಾಸ್ಟಿಕ್ಕಿಗೆ ತಾಗಿಕೊಂಡೇ ಇದ್ದರೆ ವರ್ಷ ಕಳೆದಂತೆ ಅಲ್ಲಿ ಕರಗಿ ಗೀರು ಬೀಳುತ್ತದೆ, ಅದಕ್ಕೆ ಕೇಬಲ್ಲನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಪಿಕ್ಚರ್ ಟ್ಯೂಬಿನ ಮಾನಿಟರಿನ ಭಾರವೆಲ್ಲ ಮುಂದಿನ ಗಾಜಿನಲ್ಲಿರುತ್ತದೆ, ದಪ್ಪ ಫೋಮಿನ ಮೇಲೆ ಮುಖ ಅಡಿಯಾಗಿ ಮಲಗಿಸಿಯೇ ಸಾಗಿಸಬೇಕು. 110 ವೋಲ್ಟಿನ ಅಮೆರಿಕದ ಯಂತ್ರಗಳ ಪ್ಲಗ್ಗಿಗೆ ಕೆಂಪು ಚೀಟಿ ಕಟ್ಟಿ. ಯಾರಿಗೂ ಬೇಡವಾದ ಮಾನಿಟರುಗಳನ್ನು ಗುಜರಿಗೆ ಹಾಕಬೇಡಿ. ತಾಮ್ರದಾಸೆಗೆ ಅಲ್ಲಿ ಟ್ಯೂಬ್ ಒಡೆಯುತ್ತಾರೆ, ಆ ಗಾಜಿನಲ್ಲಿ ಸೀಸ ಇದೆ. 2022ರ ಇ–ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆದೆವು.

ಒಂದು ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಐದೂಕಾಲು ಇಂಚಿನ ಡ್ರೈವು, ಗ್ರೀಸ್‌ವೀಸಲ್, ಕೇಬಲ್ಲು, ಸಪ್ಲೈ, ಒಂದು ಸೀಸೆ ಆಲ್ಕೋಹಾಲು, ಹತ್ತಿಕಡ್ಡಿ, ಐದಾರು ಖಾಲಿ ಕವಚಗಳು ಅದರಲ್ಲಿವೆ. ಮುಚ್ಚಳದ ಒಳಗೆ ಜೋಡಿಸುವ ಕ್ರಮವನ್ನು ಬರೆದು ಅಂಟಿಸಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಗೆದು ಒಂದು ಫ್ಲಾಪಿ ಓದಿಸಿ ನೋಡುತ್ತೇವೆ. ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿತು ಎಂದು ಹಿಡಿದುಕೊಂಡು ಬರುವವರು ಇನ್ನೂ ಇದ್ದಾರೆ.