‘ನೋವು ಉಂಟಾ’ ಅಲ್ಲ, ‘ಎಷ್ಟು ಉಂಟು’ ಎಂದು ಕೇಳಿ

ಉಡುಪಿ ಕಡೆಯ ಹಿರಿಯರನ್ನು ‘ನೋವು ಉಂಟಾ’ ಎಂದು ಕೇಳಿ ನೋಡಿ. ‘ಎಂಥದ್ದೂ ಇಲ್ಲ’ ಅಂತಾರೆ. ಮೊಣಕಾಲಿನ ಕೀಲು ಬದಲಿಸಿಕೊಂಡು ಮನೆಗೆ ಬಂದ ನನ್ನಮ್ಮನೂ ಹಾಗೇ ಹೇಳಿ ಮಾತ್ರೆ ಬಿಟ್ಟರು. ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಹಲ್ಲು ಕಚ್ಚಿಕೊಂಡು ಕೂತಿದ್ದರು.

ಆದ್ದರಿಂದ ಮೊದಲು ಪ್ರಶ್ನೆ ಬದಲಿಸಿ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ಕೂತಾಗ ಎಷ್ಟು, ನಡೆಯುವಾಗ ಎಷ್ಟು? ಕ್ಯಾಲೆಂಡರ್ ಮೇಲೆ ಬರೆದಿಡಿ. ಮರೆವು ಇರುವವರಾದರೆ ಮುಖ ನೋಡಿ ತಿಳಿಯಬೇಕು.

ಮುಂದಿನದು ಮದ್ದು. ಮೊದಲ ದಿನಗಳಲ್ಲಿ ನೋವು ಏರುವ ತನಕ ಕಾಯಬೇಡಿ, ವೈದ್ಯರು ಬರೆದ ಹೊತ್ತಿಗೇ ಕೊಡಿ. ಏರಿದ ನೋವನ್ನು ಇಳಿಸಲು ಮದ್ದು ಜಾಸ್ತಿ ಬೇಕಾಗುತ್ತದೆ. ಪ್ಯಾರಾಸಿಟಮಾಲ್ ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವ, ಲಿವರ್ ತೊಂದರೆ ಇರುವ ಹಿರಿಯರಿಗೆ ಅದಕ್ಕಿಂತಲೂ ಕಡಿಮೆ. ಜೋರು ನೋವಿಗೆ ವೈದ್ಯರು ಬರೆಯುವ ಟ್ರಮಡಾಲ್ ಮಾತ್ರೆಗಳಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಸೇರಿರುತ್ತದೆ. ಶೀತದ ಮಾತ್ರೆಯಲ್ಲೂ ಅಷ್ಟೇ. ಸ್ಟ್ರಿಪ್ ಓದಿ ಲೆಕ್ಕ ಹಾಕಿ.

ಟ್ರಮಡಾಲ್‌ನಿಂದ ತಲೆಸುತ್ತು, ಮಂಕು, ಮಲಬದ್ಧತೆ ಬರಬಹುದು. ರಾತ್ರಿ ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ. ಊಟದಲ್ಲಿ ಬಸಳೆ, ಪಪ್ಪಾಯಿ ಇರಲಿ. ಇನ್ನು ಪಕ್ಕದ ಮನೆಯವರು ಹೇಳಿದರೆಂದು ಮೆಡಿಕಲ್‌ನಿಂದ ಡಿಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತರಲೇಬೇಡಿ. ವಯಸ್ಸಾದವರ ಕಿಡ್ನಿಗೆ ಅದು ಹೊರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದಿನ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಜಾಸ್ತಿ.

ನಮ್ಮಲ್ಲಿ ಕಾಲು ನೋವು ಎಂದರೆ ಬಿಸಿ ಎಣ್ಣೆ. ಇಲ್ಲಿ ಅದು ಬೇಡ, ಹೊಲಿಗೆಯ ಹತ್ತಿರವಂತೂ ಬೇಡವೇ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ಹೊಲಿಗೆ ಒದ್ದೆಯಾಗಬಾರದು.

ವ್ಯಾಯಾಮಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಮಾತ್ರೆಯ ಹೊತ್ತು ಬರುವಂತೆ ವೈದ್ಯರಲ್ಲಿ ಕೇಳಿ ಹೊಂದಿಸಿಕೊಳ್ಳಿ. ಮಲಗಿದಾಗ ಮೊಣಕಾಲಿನ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಆದರೆ ಕಾಲು ನೆಟ್ಟಗಾಗುವುದಿಲ್ಲ. ದಿಂಬು ಹಿಮ್ಮಡಿಯ ಕೆಳಗಿರಲಿ. ಇದಕ್ಕೆ ಅಮ್ಮ ದಿನಾ ಜಗಳ ಮಾಡುತ್ತಿದ್ದರು.

ಮೊಣಕಾಲು ಕೆಲವು ತಿಂಗಳು ಬೆಚ್ಚಗಿರುವುದು, ಸ್ವಲ್ಪ ಊದುವುದು ಮಾಮೂಲಿ. ಆದರೆ ಜ್ವರ, ಗಾಯದಲ್ಲಿ ಕೀವು, ನಡೆಯುತ್ತಿದ್ದವರಿಗೆ ದಿಢೀರ್ ನೋವು ಕಂಡರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಮೀನಖಂಡ ಊದಿ ನೋವಾದರೆ ತಿಕ್ಕುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ 108.